ಎರಡಿಂಚಿನ ಚೌಕ

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ವಾಕಿಂಗ್ ಗೆಳತಿ ಒಂದು ಭಾನುವಾರ ತಮ್ಮ ತಾಯಿಯ ಸೀರೆಯನ್ನು ಒಗೆದ ದಿಂಬಿನ ಕವರಿನಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಬಿಳಿ ರೇಷ್ಮೆ ಸೀರೆ. ಪೆಟ್ಟಿಗೆಯಲ್ಲಿ ಇದ್ದು ಇದ್ದು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಗರಿಕೆಯಷ್ಟು ತೆಳುವಾದ ನೀಲಿ ಅಂಚು. ಮಡಿಕೆ ಬಿದ್ದ ಕಡೆಯೆಲ್ಲ ಎಳೆ ಸವೆದು, ಕಿಟಕಿಯ ಬೆಳಕಿಗೆ ಹಿಡಿದರೆ ಗೀರು ಗೀರಾಗಿ ಕಾಣುತ್ತಿತ್ತು. ಮಗಳ ಮದುವೆ ಗೊತ್ತಾಗಿದೆ, ಬುದ್ಧ ವಿಹಾರದಲ್ಲಿ ಮಾಡುತ್ತೇವೆ, ನಮ್ಮಲ್ಲಿ ಹುಡುಗಿ ಬಿಳಿ ಉಡುವುದು ರೂಢಿ, ಅಜ್ಜಿ ಬೌದ್ಧ ದೀಕ್ಷೆಯ ದಿನ ಉಟ್ಟ ಸೀರೆಯಲ್ಲೇ ರವಿಕೆ ಆಗಬೇಕು ಅಂತ ಇವಳು ಹಟ ಹಿಡಿದಿದ್ದಾಳೆ ಎಂದರು. ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಸೀರೆಯನ್ನು ಮಂಚದ ಮೇಲೆ ಹರಡಿ ನೋಡಿದೆ. ಸೆರಗಿನ ಹತ್ತಿರದ ಒಂದು ತುಂಡು ಮಾತ್ರ ಸೂಜಿ ತಡೆಯುವಷ್ಟು ಗಟ್ಟಿಯಾಗಿತ್ತು. ಒಂದೇ ಒಂದು ರವಿಕೆಗೆ ಆಗಬಹುದು, ಅದೂ ಕೈ ಬಿಗಿಹಿಡಿದು ಕತ್ತರಿಸಿದರೆ. ತಪ್ಪಿದರೆ ಇನ್ನೊಂದಕ್ಕೆ ಬಟ್ಟೆ ಇಲ್ಲ ಎಂದು ನಾನೇ ಹೇಳಿದೆ.

“ಅದಕ್ಕೇ ಅಲ್ವಾ ನಿಮ್ಮ ಹತ್ರ ತಂದಿದ್ದು” ಅಂದರು.

ಆ ಮಾತಿಗೆ ನಾನು ಒಳಗೊಳಗೇ ಹಿಗ್ಗಿದೆ. ಈಗ ನೆನೆದರೆ ಆ ಹಿಗ್ಗೇ ಮೊದಲು ಚುಚ್ಚುತ್ತದೆ.

ಹೊಲಿಗೆ ನನಗೆ ಕಲಿಸಿದವರು ಪುಲಿಕೇಶಿನಗರದ ಕಾನ್ವೆಂಟಿನ ಸಿಸ್ಟರುಗಳು. ಬೆರಳಿಗೆ ಹಿತ್ತಾಳೆಯ ಟೋಪಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದೆವು. ಮಾರ್ಕ್ಸ್ ಕೊಡುವಾಗ ಬಟ್ಟೆಯನ್ನು ತಿರುವಿ ಒಳಗಿನ ಹೊಲಿಗೆ ನೋಡುತ್ತಿದ್ದರು. ಯಾರಿಗೂ ಕಾಣದ ಕಡೆಯೂ ಕಾಣುವ ಕಡೆಯಷ್ಟೇ ಅಚ್ಚುಕಟ್ಟಾಗಿರಬೇಕು. ದನಿ ಎತ್ತರಿಸದೆ ಮಾತಾಡುವುದು, ಎದುರಿನವರಿಗೆ ಮುಜುಗರವಾಗದಂತೆ ನಡೆಯುವುದು, ಇವೂ ಅಲ್ಲಿಯೇ ಬಂದವು. ಮದುವೆಯಾಗಿ ಬಂದದ್ದು ಮಹದೇವಪುರದ ಈ ಮನೆಗೆ. ಗಂಡನ ಕಡೆಯವರು ಇಲ್ಲಿಯ ಹಳೆಯ ಊರಿನವರು. ಅತ್ತೆ ರಾಗಿ ಹೊಲದ ಬದುವಿನ ಮೇಲೆ ನಿಂತು ಕೆಲಸ ಮಾಡಿಸಿದವರು. ಆ ಹೊಲದ ಮೇಲೆ ಈಗ ಗಾಜಿನ ಆಫೀಸುಗಳು. ನಮ್ಮ ಮೇಲಿನ ಮಹಡಿಗಳಲ್ಲಿ ಆ ಆಫೀಸಿನವರೇ ಬಾಡಿಗೆಗೆ ಇದ್ದಾರೆ. ಅಡುಗೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಮೆಷಿನ್ ಮುಂದೆ ಕೂರುವುದು ನನ್ನ ಸುಖ. ಪರಿಚಯದವರಿಗೆ ಮಾತ್ರ ಹೊಲಿಯುತ್ತೇನೆ.

ಈಚೆಗೆ ರವಿಕೆಯ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲೇ ತೆಗೆಯುವುದು ಕಲಿತಿದ್ದೇನೆ. ಅಳತೆ ಕೊಟ್ಟರೆ ಅದು ಗೆರೆ ಎಳೆಯುತ್ತದೆ. ಹಾಳೆ ಹಾಳೆಯಾಗಿ ಪ್ರಿಂಟ್ ತೆಗೆಸಿ, ಅಂಚಿಗೆ ಅಂಚು ಕೂಡಿಸಿ ಟೇಪು ಹಚ್ಚಿದರೆ ಪೂರ್ತಿ ನಕ್ಷೆ. ಅದನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುವುದು. ಮೊದಲ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ, ಸರಿಯಾಗಿ ಎರಡು ಇಂಚಿನದು. ಪ್ರಿಂಟ್ ಕೈಗೆ ಬಂದೊಡನೆ ಆ ಚೌಕಕ್ಕೆ ಸ್ಕೇಲು ಇಟ್ಟು ನೋಡಬೇಕು. ಅದು ಎರಡು ಇಂಚು ಇದ್ದರೆ ಮಿಕ್ಕಿದ್ದೆಲ್ಲ ಸರಿ ಇದೆ ಎಂದು ಅರ್ಥ. ಮೇಲಿನ ಮಹಡಿಯ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುವಾಗ ಇದನ್ನು ಗಿಣಿಗೆ ಕಲಿಸುವ ಹಾಗೆ ಹೇಳಿದ್ದೇನೆ. ಕತ್ತರಿ ಕೈಗೆ ತಗೊಳ್ಳೋಕೆ ಮುಂಚೆ ಚೌಕ.

ಮದುವೆ ಹುಡುಗಿಯ ಅಳತೆ ತೆಗೆದುಕೊಂಡು ನಕ್ಷೆ ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ, ಬಸ್ಸಿನ ಗದ್ದಲದಲ್ಲೂ ಮೆತ್ತಗೆ ಮಾತಾಡುವ ಮನುಷ್ಯ. ನನ್ನ ಫೈಲನ್ನು ತೆರೆದು, ನಾನು ಹೇಳಿದಂತೆ ಇದ್ದ ಅಳತೆಗೇ ಪ್ರಿಂಟ್ ತೆಗೆದುಕೊಟ್ಟರು. ಮನೆಗೆ ಬಂದು ಚೌಕ ಅಳೆದೆ, ಎರಡು ಇಂಚು. ಹಳೆಯ ಬೆಡ್‌ಶೀಟಿನಲ್ಲಿ ಒಂದು ಪ್ರಯೋಗದ ರವಿಕೆ ಹೊಲಿದೆ. ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದಳು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತ್ತು. ಆದರೆ ವಿಹಾರದಲ್ಲಿ ನೆಲದ ಮೇಲೆ ಕೂತು ಬಗ್ಗಿ ನಮಸ್ಕಾರ ಮಾಡಬೇಕು, ಕೊರಳು ಇನ್ನೊಂಚೂರು ಮೇಲಿರಲಿ ಆಂಟಿ ಎಂದಳು. ಅಷ್ಟೇ ಬದಲಾವಣೆ. ಲ್ಯಾಪ್‌ಟಾಪಿನಲ್ಲಿ ಕೊರಳಿನ ಗೆರೆಯನ್ನು ಮೇಲೆತ್ತಿದೆ. ನಕ್ಷೆಯನ್ನು ಇನ್ನೊಮ್ಮೆ ಪ್ರಿಂಟ್ ತೆಗೆಸಬೇಕಾಯಿತು.

ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಹೊಸ ವ್ಯವಸ್ಥೆ ಬಂದಿತ್ತು. ಗಾಜಿನ ಮೇಲೆ ಒಂದು ಕ್ಯೂಆರ್ ಚೌಕಳಿ ಅಂಟಿಸಿದ್ದರು. ಫೋನಿನಲ್ಲಿ ಅದನ್ನು ಒಮ್ಮೆ ಸ್ಕ್ಯಾನ್ ಮಾಡಿಕೊಂಡರೆ ಸಾಕು, ಮನೆಯಿಂದಲೇ ಫೈಲು ಕಳಿಸಬಹುದು; ನಾವು ಬರುವಷ್ಟರಲ್ಲಿ ಪ್ರಿಂಟ್ ಸಿದ್ಧ. ಒಳಗೆ ಮೂಲೆಯಲ್ಲಿ ಒಂದು ಕಪ್ಪು ಡಬ್ಬಿ ಗುಂಯ್ ಎನ್ನುತ್ತಿತ್ತು. ಅದನ್ನು ಅವರು ಸರ್ವರ್ ಎಂದು ಸ್ವಲ್ಪ ಗೌರವದಿಂದಲೇ ಕರೆಯುತ್ತಿದ್ದರು. ಯಾರು ಏನೇ ಕಳಿಸಲಿ, ಮೊಬೈಲ್ ಫೋಟೋ, ವರ್ಡ್ ಫೈಲು, ಎಕ್ಸೆಲ್ಲಿನ ಪಟ್ಟಿ, ಅದು ಎಲ್ಲವನ್ನೂ ಒಂದೇ ಬಗೆಯ ಪಿಡಿಎಫ್‌ಗೆ ಪರಿವರ್ತಿಸಿ, ಅಂಗಡಿಯಲ್ಲಿದ್ದ ಎ-ಫೋರ್ ಹಾಳೆಗೆ ಕೂರಿಸಿ, ಸರದಿಯಲ್ಲಿ ನಿಲ್ಲಿಸಿ ಪ್ರಿಂಟರಿಗೆ ಕೊಡುತ್ತದೆ. ಮನುಷ್ಯರು ಕೈ ಹಾಕುವುದೇ ಬೇಡ.

ನನಗೆ ಇದು ಬಹಳ ಹಿಡಿಸಿತು. ಆ ಬಸ್ ನಿಲ್ದಾಣದ ಜಂಗುಳಿಯಲ್ಲಿ ಆಧಾರ್ ಕಾರ್ಡ್ ಹಿಡಿದವರ ನಡುವೆ ಮೊಣಕೈ ತಾಗಿಸಿಕೊಂಡು ನಿಲ್ಲುವುದು ತಪ್ಪಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗಲೇ ಫೈಲು ಕಳಿಸಿದೆ. ಫೋನಿನಲ್ಲಿ ಏನೋ ಒಂದು ಪುಟ ತೆರೆದು, ಅದರಲ್ಲಿ ಮೊದಲೇ ಒಂದು ಸರಿ ಗುರುತು ಬಿದ್ದಿತ್ತು. ಓದದೆ ಓಕೆ ಒತ್ತಿದೆ. ಮಾರ್ಕೆಟ್ಟಿನಿಂದ ಬರುವಾಗ ಹಾಳೆಗಳನ್ನು ತೆಗೆದುಕೊಂಡು ಬಂದೆ, ಇನ್ನೂ ಬೆಚ್ಚಗಿದ್ದವು.

ಹಾಳೆಗಳು ಎಷ್ಟು ಚೆನ್ನಾಗಿ ಕೂಡಿಕೊಂಡವೆಂದರೆ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ತೋಳಿನ ಬಾಗು, ಎದೆಯ ಮಡಿಕೆ, ಹೊಸ ಕೊರಳು, ಎಲ್ಲ ಒಂದಕ್ಕೊಂದು ಹೊಂದಿದ್ದವು. ಚೌಕಕ್ಕೆ ಸ್ಕೇಲು ಇಡಲಿಲ್ಲ. ನಕ್ಷೆ ಸರಿ ಇದೆ ಎಂದು ಬೆಡ್‌ಶೀಟಿನ ರವಿಕೆ ಆಗಲೇ ಹೇಳಿತ್ತಲ್ಲ, ಕೊರಳು ಮಾತ್ರ ತಾನೇ ಬದಲಾದದ್ದು ಎಂದುಕೊಂಡೆ. ಅಷ್ಟೂ ಯೋಚಿಸಿದೆನೋ ಇಲ್ಲವೋ. ಆ ಹಳೆಯ ರೇಷ್ಮೆಯ ಮೇಲೆ ಕತ್ತರಿ ಹೋಗುವಾಗಿನ ಸದ್ದು ಮಾತ್ರ ನೆನಪಿದೆ, ಒಣ ಎಲೆಯನ್ನು ಮೆಲ್ಲಗೆ ಮುರಿದ ಹಾಗೆ. ಸಾಮಾನ್ಯವಾಗಿ ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಡುತ್ತೇವೆ. ಇಲ್ಲಿ ಬಿಡಲು ಬಟ್ಟೆಯೇ ಇರಲಿಲ್ಲ.

ಹೊಲಿದು ಮುಗಿಸಿ, ಕೈಯಲ್ಲೇ ಹುಕ್ಕು ಹಾಕಿ, ಅವರ ಮನೆಗೆ ಒಯ್ದೆ. ಚಿಕ್ಕ ಹಾಲಿನಲ್ಲಿ ಬುದ್ಧನ ಪಟದ ಕೆಳಗೆ ಆಮಂತ್ರಣದ ಕಾರ್ಡುಗಳ ಕಟ್ಟು ಇತ್ತು. ಹುಡುಗಿ ಒಳಗೆ ಹೋಗಿ ಹಾಕಿಕೊಂಡು ಬಂದಳು, ಒಂದು ಕೈಯಲ್ಲಿ ಮುಂಭಾಗವನ್ನು ಹಿಡಿದುಕೊಂಡೇ. ಹುಕ್ಕು ಕೂಡಲಿಲ್ಲ. ನಾನು ಎಳೆದು ನೋಡಿದೆ. ರೇಷ್ಮೆ ಸಣ್ಣಗೆ ನರಳಿತು, ಕೈಬಿಟ್ಟೆ.

“ಆಂಟಿ, ನಾನು ದಪ್ಪ ಆಗ್ಬಿಟ್ಟಿದೀನಾ?”

“ಮತ್ತೆ? ದಿನಾ ಮಸೀದಿ ರಸ್ತೆಗೆ ಹೋಗಿ ಫ್ರೆಂಡ್ಸ್ ಜೊತೆ ಕಬಾಬ್ ತಿಂದ್ರೆ ಅದೆಲ್ಲ ಎಲ್ಲಿಗ್ ಹೋಗ್ಬೇಕು” ಎಂದು ತಾಯಿ ನಕ್ಕರು. “ಗಂಡಿನ ಮನೆಯವ್ರು ಹುಡುಗಿ ಬದಲಾಯಿಸಿದೀರ ಅಂತಾರೆ ನೋಡ್ತಿರು.”

ಇಬ್ಬರೂ ನಗುತ್ತಾ ನನ್ನ ಕಡೆ ನೋಡಿದರು. ಆಗ ನನ್ನ ಕಣ್ಣು ಅವಳ ಭುಜದ ಮೇಲಿತ್ತು. ಭುಜದ ತುದಿಗೆ ಬರಬೇಕಾದ ಹೊಲಿಗೆ ಕೊರಳಿನ ಕಡೆಗೆ ಸರಿದು ನಿಂತಿತ್ತು. ಕಬಾಬ್ ತಿಂದರೆ ಸೊಂಟ ಬೆಳೆಯಬಹುದು. ಭುಜದ ಮೂಳೆ ಬೆಳೆಯುವುದಿಲ್ಲ. ಏನಾಗಿದೆ ಎಂದು ಗೊತ್ತಾಗಲಿಲ್ಲ, ಆದರೆ ತಪ್ಪು ಹುಡುಗಿಯ ಮೈಯಲ್ಲಿಲ್ಲ, ಬಟ್ಟೆಯಲ್ಲಿದೆ ಎಂದು ಆ ಕ್ಷಣವೇ ಗೊತ್ತಾಯಿತು.

“ಮದುವೆ ಟೈಮಲ್ಲಿ ಹಾಗಾಗುತ್ತೆ ಬಿಡಮ್ಮ” ಅಂದೆ.

ಎಷ್ಟು ಮೃದುವಾಗಿ ಅಂದೆ. ಅವಳ ಬೆನ್ನನ್ನೂ ತಟ್ಟಿದೆ. ಸ್ವಲ್ಪ ಸರಿಮಾಡಿ ತರುತ್ತೇನೆಂದು ರವಿಕೆ ಮಡಿಸಿಕೊಂಡು ಹೊರಟೆ. ಅವಳು ಬಾಗಿಲವರೆಗೆ ಬಂದು, ಇವತ್ತಿಂದ ಅನ್ನ ಬಂದ್ ಆಂಟಿ ಎಂದಳು. ಅದಕ್ಕೂ ನಾನು ನಕ್ಕೆ.

ಮನೆಗೆ ಬಂದವಳೇ ಬೆಡ್‌ಶೀಟಿನ ರವಿಕೆಯ ಮೇಲೆ ರೇಷ್ಮೆಯದನ್ನು ಇಟ್ಟೆ. ಸುತ್ತಲೂ ಒಂದೇ ಸಮನಾಗಿ ಕೆಳಗಿನದು ಹೊರಗೆ ಕಾಣುತ್ತಿತ್ತು, ತಟ್ಟೆಯೊಳಗೆ ಇಟ್ಟ ಇನ್ನೊಂದು ತಟ್ಟೆಯಂತೆ. ಆಮೇಲೆ ಚೌಕಕ್ಕೆ ಸ್ಕೇಲು ಇಟ್ಟೆ. ಎರಡು ಇಂಚಿಗೆ ಒಂದು ನೂಲು ಕಡಿಮೆ. ಇಂಚಿನ ಎಂಟನೇ ಒಂದು ಪಾಲಿಗೆ ನಾವು ನೂಲು ಎನ್ನುತ್ತೇವೆ. ಚೌಕದಲ್ಲಿ ಒಂದು ನೂಲು ಎಂದರೆ ಎದೆಯ ಸುತ್ತಳತೆಯಲ್ಲಿ ಎರಡು ಇಂಚಿಗೂ ಮಿಗಿಲು. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರಿಂದ ಗೆರೆಗೆ ಗೆರೆ ಕೂಡಿತ್ತು, ಕಣ್ಣಿಗೆ ಏನೂ ಕಾಣಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಳೆಗಳನ್ನು ಹಿಡಿದು ಅಂಗಡಿಗೆ ಹೋದೆ. ಕೌಂಟರಿನ ಮುಂದೆ ಕ್ಯಾಬ್ ಡ್ರೈವರುಗಳಿಬ್ಬರು ಪರ್ಮಿಟ್ಟಿನ ಜೆರಾಕ್ಸಿಗೆ ಕಾಯುತ್ತಿದ್ದರು. ಅವರನ್ನು ದಾಟಿ ಮುಂದೆ ಹೋಗಿ ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿ ಇತ್ತು. ಸಿಸ್ಟರುಗಳು ತಪ್ಪು ಮಾಡಿದ ಮಕ್ಕಳೊಂದಿಗೆ ಮಾತಾಡುವ ಆ ತಣ್ಣನೆಯ, ಪೂರ್ಣವಿರಾಮಗಳೆಲ್ಲ ಕೇಳುವಂಥ ಇಂಗ್ಲಿಷ್. ನಿಮ್ಮ ಅಜಾಗರೂಕತೆಯಿಂದ ಏನು ಹಾಳಾಗಿದೆ ಗೊತ್ತೇ, ಜವಾಬ್ದಾರಿ ಎಂಬ ಪದ ಕೇಳಿದ್ದೀರಾ, ಎಂದೆಲ್ಲ. ನಲವತ್ತು ದಾಟಿದ ಆ ಮನುಷ್ಯ ಎದ್ದು ನಿಂತು ಕಿವಿಯ ಪೆನ್ಸಿಲನ್ನು ತೆಗೆದು ಕೆಳಗಿಟ್ಟರು.

“ಸಾರಿ ಮೇಡಂ” ಎಂದರು. “ಏನಾಗಿದೆ ನನಗೆ ತಿಳೀತಿಲ್ಲ. ಸ್ವಲ್ಪ ಕನ್ನಡದಲ್ಲಿ ಹೇಳ್ತೀರಾ?”

ಏನಾಗಿದೆ ಎಂದು ತಿಳಿಯುವ ಮೊದಲೇ ಕ್ಷಮೆ ಕೇಳಿಬಿಟ್ಟಿದ್ದರು. ಹಿಂದಿದ್ದ ಡ್ರೈವರ್ ತನ್ನ ಜೊತೆಯವನಿಗೆ, ನನಗೂ ಕೇಳುವಷ್ಟು ಗಟ್ಟಿಯಾಗಿ, “ಬಿಡು ಗುರು, ಅವ್ರು ಓದಿರೋರು, ನಾವು ಕಾಯೋರು” ಎಂದ.

ಕನ್ನಡದಲ್ಲಿ ಹೇಳಿದೆ. ಅವರಿಗೂ ಕಾರಣ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅವನು ಎಲ್ಲಿಯೋ ಬೈಕಿನ ಮೇಲೆ ಇದ್ದ. ಬೇರೆ ಅಳತೆಯ ಹಾಳೆಗೆ ಮಾಡಿದ ಫೈಲು ಬಂದರೆ ಪರಿವರ್ತನೆ ಆಗುವಾಗ ನಮ್ಮ ಹಾಳೆಯೊಳಗೆ ಹಿಡಿಯುವಷ್ಟು ಚಿಕ್ಕದಾಗುತ್ತದೆ, ಜನರ ಮಾರ್ಕ್ಸ್ ಕಾರ್ಡಿನ ಅಂಚುಗಳೆಲ್ಲ ಕತ್ತರಿಸಿ ಬರುತ್ತಿದ್ದವೆಂದು ಹಾಗೆ ಇಟ್ಟಿದ್ದೇವೆ, ಬೇಡದವರು ಕಳಿಸುವಾಗ ಆ ಸರಿ ಗುರುತು ತೆಗೆಯಬೇಕು ಎಂದ. ನನ್ನ ಲ್ಯಾಪ್‌ಟಾಪಿನ ಪ್ರೋಗ್ರಾಮು ಅಮೆರಿಕದ್ದು. ಅದು ನಮ್ಮದಕ್ಕಿಂತ ಅಗಲವಾದ ಅಲ್ಲಿಯ ಹಾಳೆಯ ಅಳತೆ ಇಟ್ಟುಕೊಂಡಿದೆ ಎಂದು ನನಗೆ ಗೊತ್ತಿತ್ತು. ಓದದೆ ಓಕೆ ಒತ್ತಿದ್ದೂ ಆಗ ನೆನಪಾಯಿತು. ಏನೂ ಕತ್ತರಿಸದಿರಲಿ ಎಂದು ಎಲ್ಲವನ್ನೂ ಒಂದಿಷ್ಟು ಕುಗ್ಗಿಸುವ ಯಂತ್ರ. ಅದರ ಉದ್ದೇಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಯಜಮಾನರು ಆ ಗುರುತು ತೆಗೆದು ಎಲ್ಲ ಹಾಳೆಗಳನ್ನೂ ಮತ್ತೆ ಪ್ರಿಂಟ್ ಮಾಡಿ, ಸುರುಳಿ ಸುತ್ತಿ ರಬ್ಬರ್ ಹಾಕಿ ಕೊಟ್ಟರು. ಕತ್ತರಿಸಿಯಾದ ಬಟ್ಟೆಗೆ ಅದರಿಂದ ಏನೂ ಆಗುವಂತಿರಲಿಲ್ಲ. ಥ್ಯಾಂಕ್ಸ್ ಎಂದೆ. ತಪ್ಪು ನನ್ನದು ಎನ್ನಲಿಲ್ಲ. ಡ್ರೈವರುಗಳು ನೋಡುತ್ತಿದ್ದರು.

ಅಂದು ಮಧ್ಯಾಹ್ನ ನಾನು ಅನ್ನ ಕಲಸುತ್ತಾ ಕೂತಿದ್ದನ್ನು ಅತ್ತೆ ಕಂಡರು. ಅವರಿಗೆ ಎಂಬತ್ತರ ಹತ್ತಿರ, ಆದರೆ ಮನೆಯಲ್ಲಿ ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದು ಈಗಲೂ ಅವರಿಗೆ ಗೊತ್ತಿರುತ್ತದೆ. ಹೇಳಿದೆ. ಪ್ರಿಂಟರಿನ ಕತೆ ಅವರಿಗೆ ಬೇಕಿರಲಿಲ್ಲ. ಯಾರ ಸೀರೆ ಎಂದು ಕೇಳಿದರು. ಹೇಳಿದಾಗ ಮುಖ ಅರಳಿತು.

“ಪೋಸ್ಟಾಫೀಸಿಗೆ ಹೋಗ್ತಾಳಲ್ಲ, ಅವಳಾ? ಅವಳಮ್ಮ ನಮ್ಮ ಹೊಲಕ್ಕೇ ಬರ್ತಿದ್ದಿದ್ದು. ಕಳೆ ತೆಗೆಯೋದ್ರಲ್ಲಿ ಅಂಥಾ ಕೈ ಇನ್ನೊಂದ್ ನೋಡಿಲ್ಲ ನಾನು.”

ಗೆಳತಿಯವರ ಕೇರಿಯ ಹೆಂಗಸರು ನಮ್ಮ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದರೆಂದು ನನಗೂ ಮಸುಕಾಗಿ ಗೊತ್ತಿತ್ತು. ಗೆಳತಿಯೊಂದಿಗೆ ಕೆರೆಯ ಸುತ್ತ ಇಷ್ಟು ವರ್ಷ ನಡೆದಿದ್ದೇನೆ, ಆ ವಿಷಯ ಒಮ್ಮೆಯೂ ಎತ್ತಿರಲಿಲ್ಲ. ಅವರಿಗೆ ಮುಜುಗರವಾದೀತು ಎಂದು ನಾನೇ ತೀರ್ಮಾನಿಸಿದ್ದೆ. ಅತ್ತೆ ಕೈಯೂರಿ ಎದ್ದು ತಮ್ಮ ಬೀರು ತೆಗೆದರು. ಪ್ರತಿ ದೀಪಾವಳಿಗೆ ತಮ್ಮ ಉಟ್ಟ ಸೀರೆಗಳಲ್ಲಿ ಒಂದು ಆಕೆಗೇ ಹೋಗುತ್ತಿತ್ತು ಎಂದು ನೆನಪಿಸಿಕೊಂಡರು. ಬೇರೆ ಯಾರು ಕೇಳಿದರೂ ಕೊಡುತ್ತಿರಲಿಲ್ಲವಂತೆ. ಕೆನೆ ಬಣ್ಣದ, ಸಣ್ಣ ಜರಿಯ ಒಂದು ರೇಷ್ಮೆ ಸೀರೆಯನ್ನು ಹೊರಗೆಳೆದರು. ಹಳೆಯದಲ್ಲ. ಎರಡೋ ಮೂರೋ ಬಾರಿ ಉಟ್ಟದ್ದು, ಅವರಿಗೆ ಇಷ್ಟದ್ದು.

“ತಗೊಂಡ್ಹೋಗಿ ಕೊಡು. ಒಂದಲ್ಲ, ಎರಡು ಬ್ಲೌಸ್ ಆಗುತ್ತೆ. ಮಗು ಮದುವೆ.”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಸೀರೆಗೆ ಇಸ್ತ್ರಿ ಹಾಕಿ, ಒಳ್ಳೆಯ ಬಟ್ಟೆ ಚೀಲ ಹುಡುಕಿ ರವಿಕೆಯ ಜೊತೆ ಅದರಲ್ಲಿಟ್ಟುಕೊಂಡು ಸಂಜೆ ಹೊರಟೆ.

ಗೆಳತಿ ಆಗತಾನೆ ಕೆಲಸದಿಂದ ಬಂದಿದ್ದರು. ಹುಡುಗಿ ಸೋಫಾದ ಮೇಲೆ ಸೌತೆಕಾಯಿ ಹೋಳಿನ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಬಟ್ಟಲು ಎತ್ತಿ ತೋರಿಸಿದಳು, ನೋಡಿ ಆಂಟಿ ನನ್ನ ಊಟ ಎನ್ನುವ ಹಾಗೆ. ನಾನು ಮೊದಲು ಸೀರೆಯನ್ನು ತೆಗೆದು ಕುರ್ಚಿಯ ಮೇಲಿಟ್ಟೆ. ಅತ್ತೆ ಕಳಿಸಿದ್ದಾರೆ ಎಂದೆ. ಈ ಮಾತು ಮೊದಲು ಬಂದರೆ ಆಮೇಲಿನದು ಸುಲಭವಾಗುತ್ತದೆ ಎಂದು ದಾರಿಯಲ್ಲೇ ಜೋಡಿಸಿಕೊಂಡಿದ್ದೆ.

ಗೆಳತಿ ಸೀರೆಯ ಮಡಿಕೆ ನೋಡಿದರು. ಮುಟ್ಟಲಿಲ್ಲ. ಮುಖ ತೊಳೆದು ಬಂದಿದ್ದರು, ಕೈ ಒದ್ದೆ ಇತ್ತು. ಟವೆಲಿಗೆ ಒರೆಸಿಕೊಳ್ಳುತ್ತಲೇ ಇದ್ದರು, ಒಣಗಿದ ಮೇಲೂ.

“ಯಾಕೆ?” ಎಂದು ಕೇಳಿದರು.

ಹೇಳಬೇಕಾಯಿ‌ತು. ಅಂಗಡಿ, ಹೊಸ ಯಂತ್ರ, ಅಮೆರಿಕದ ಹಾಳೆ, ಎ-ಫೋರ್ ಹಾಳೆ, ಪಿಡಿಎಫ್ ಆಗುವಾಗ ಕುಗ್ಗುವುದು, ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ಕೇಳಿಸಿತು, ಅಷ್ಟೊಂದು ವಾಕ್ಯಗಳಲ್ಲಿ ನಾನು ಎಂಬುದು ಎಲ್ಲೂ ಬರುತ್ತಿಲ್ಲ. ಕೊನೆಗೆ, ಕತ್ತರಿಸುವ ಮುಂಚೆ ಅಳೆದು ನೋಡಬೇಕಿತ್ತು, ನಾನು ನೋಡಲಿಲ್ಲ ಎಂದೆ.

“ಹಾಗಾದ್ರೆ ಇವಳು ದಪ್ಪ ಆಗಿಲ್ಲ.”

“ಇಲ್ಲ.”

“ಅವತ್ತು ನಿಮಗೆ ಗೊತ್ತಿತ್ತಾ?”

ಪ್ರಿಂಟರಿನ ವಿಷಯ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಹುಡುಗಿ ಬಟ್ಟಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅವಳ ತಪ್ಪಲ್ಲ ಅಂತ ಗೊತ್ತಿತ್ತು” ಎಂದೆ.

ತಾಯಿ ಮಗಳ ಕಡೆ ತಿರುಗಿ, ಹೋಗು, ಅನ್ನ ಹಾಕ್ಕೊಂಡು ಊಟ ಮಾಡು ಎಂದರು. ಅವಳು ಎದ್ದು ಒಳಗೆ ಹೋದಳು. ತಟ್ಟೆ ತೆಗೆದ ಸದ್ದು, ಪಾತ್ರೆಯ ಮುಚ್ಚಳ ಇಟ್ಟ ಸದ್ದು ಕೇಳುತ್ತಿತ್ತು. ಎಷ್ಟು ಹಸಿದಿದ್ದಳೋ, ನಿಂತುಕೊಂಡೇ ತಿನ್ನುತ್ತಿದ್ದಳೆಂದು ಕಾಣುತ್ತದೆ, ಕುರ್ಚಿ ಎಳೆದ ಸದ್ದು ಬರಲಿಲ್ಲ.

ಆಮೇಲೆ ಗೆಳತಿ ಕುರ್ಚಿಯ ಮೇಲಿದ್ದ ಸೀರೆಯನ್ನು ತೋರಿಸಿದರು.

“ನಿಮ್ಮತ್ತೆಗೆ ಒಂದು ಮಾತು ಹೇಳಿ. ನಮ್ಮಮ್ಮ ವರ್ಷಗಟ್ಟಲೆ ಅವರು ಕೊಟ್ಟಿದ್ದೇ ಉಟ್ಟಿದ್ದಾಳೆ, ಹಿತ್ತಲ ಬಾಗಿಲಲ್ಲಿ ನಿಂತು ಇಸ್ಕೊಂಡು. ಈ ಬಿಳೀದೊಂದೇ ಅವಳು ಅಂಗಡಿಗೆ ಹೋಗಿ, ಕೂತ್ಕೊಂಡು, ನಾಲ್ಕಾರು ಸೀರೆ ಬಿಚ್ಚಿಸಿ ನೋಡಿ, ಇದು ಬೇಕು ಅಂತ ತಗೊಂಡಿದ್ದು. ಅದರ ಬದಲಿಗೆ ಇದು ಬರಲ್ಲ. ನಾನು ಬೈತಿಲ್ಲ ರೀ. ಹೀಗೇ ಹೇಳಿ.”

ನಾನು ಸೀರೆಯನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದೆ. ನಾನು ಹಾಕಿದ್ದ ಇಸ್ತ್ರಿಯ ಮಡಿಕೆ ಚೂಪಾಗಿ, ಅಸಹ್ಯವಾಗಿ ಕಂಡಿತು. ಕಂಕುಳ ಕೆಳಗೆ ಬೇರೆ ಬಟ್ಟೆಯ ಪಟ್ಟಿ ಕೂಡಿಸಿ, ಭುಜದ ಹೊಲಿಗೆಗೆ ಒಂದು ಅಂಚು ಸೇರಿಸಿದರೆ ರವಿಕೆ ಇನ್ನೂ ಆಗುತ್ತದೆ ಎಂದು ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಹೇಳಿದೆ. ರವಿಕೆ ಇಲ್ಲೇ ಇರಲಿ, ಬಟ್ಟೆ ನಾವೇ ತರುತ್ತೇವೆ, ನಮ್ಮ ಮೆಷಿನ್ ಇದೆ, ಇಲ್ಲೇ ಬಂದು ಹೊಲಿಯಿರಿ ಎಂದರು ಗೆಳತಿ. ಇನ್ನು ಆ ಸೀರೆಯ ತುಂಡು ಅವರ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಆ ಮಾತನ್ನು ಅವರು ಆಡಲಿಲ್ಲ, ನನಗೆ ಅರ್ಥವಾಯಿತು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಚೀಲ ನೋಡಿ, ಯಾಕೆ ವಾಪಸ್ ತಂದೆ ಎಂದರು. ಗೆಳತಿಯ ಮಾತು ಒಂದಕ್ಷರ ಬಿಡದೆ ನೆನಪಿತ್ತು. ಬಾಯಿ ತೆರೆದೆ.

“ಅವರ ಹತ್ರ ಬಟ್ಟೆ ಇದೆಯಂತೆ ಅತ್ತೆ. ನೀವು ಕಳಿಸಿದ್ದಕ್ಕೇ ತುಂಬಾ ಸಂತೋಷ ಅಂತ ಹೇಳಿ ಅಂದ್ರು.”

ನಾಲಿಗೆ ಒಮ್ಮೆಯೂ ತೊಡರಲಿಲ್ಲ. ಒಂದು ಚೂಪೂ ಇಲ್ಲದ, ಯಾರಿಗೂ ತಾಗದ ಮಾತಾಗಿ ಅದು ಹೊರಗೆ ಬಂತು. ಒಳ್ಳೆ ಜನ, ಅವಳಮ್ಮನೂ ಹಂಗೇ ಇದ್ದಳು, ಸ್ವಾಭಿಮಾನಿ ಎಂದು ಅತ್ತೆ ಸೀರೆಯನ್ನು ನುಸಿಗುಳಿಗೆಯ ಪಕ್ಕದಲ್ಲಿ ಮತ್ತೆ ಇಟ್ಟರು.

ಶನಿವಾರ ಅವರ ಮನೆಗೆ ಹೋಗಿ ಕೂತು ನನ್ನದೇ ಹೊಲಿಗೆ ಬಿಚ್ಚಿದೆ. ಹಳೆಯ ರೇಷ್ಮೆಯಲ್ಲಿ ಸೂಜಿಯ ತೂತುಗಳು ಮುಚ್ಚಿಕೊಳ್ಳುವುದಿಲ್ಲ. ಇರುವೆ ಸಾಲಿನಂತೆ ಉಳಿದವು. ಅವರು ತಂದಿದ್ದ ಅಚ್ಚ ಬಿಳಿ ಬಟ್ಟೆ ಈ ಕೆನೆಬಣ್ಣದ ಪಕ್ಕದಲ್ಲಿ ಎದ್ದು ಕಾಣುತ್ತಿತ್ತು. ಟೇಪು ಹಿಡಿದು ಹುಡುಗಿಯ ಮೈಮೇಲೆಯೇ ಅಳೆದು, ಪಟ್ಟಿ ಕತ್ತರಿಸಿ, ಮಾವಿನೆಲೆಯ ಆಕಾರಕ್ಕೆ ತಂದು ಕಂಕುಳ ಕೆಳಗೆ ಕೂಡಿಸಿದೆ. ಗೆಳತಿ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾವು ಸಾಮಾನ್ಯವಾಗಿ ಮಾತಾಡುವ ಯಾವ ವಿಷಯವೂ ಬರಲಿಲ್ಲ.

“ಹೇಳಿದ್ರಾ, ನಿಮ್ಮತ್ತೆಗೆ?” ಎಂದು ಕೇಳಿದರು, ಸೊಪ್ಪಿನಿಂದ ಕಣ್ಣು ಎತ್ತದೆ.

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ತೆಗೆದೆ.

“ಇಲ್ಲ.”

ಅವರು ಒಂದು ದಂಟಿನ ನಾರು ಎಳೆದು ಪಕ್ಕಕ್ಕಿಟ್ಟರು. ಮುಂದಿನ ವಾರ ಕಾರ್ಡ್ ಕೊಡಲು ನಿಮ್ಮ ಮನೆಗೆ ಬರಬೇಕೆಂದಿದ್ದೇನೆ, ನಿಮ್ಮತ್ತೆಯನ್ನೂ ಕರೆಯಬೇಕು ಎಂದರು. ಆಮೇಲೆ, “ಅಷ್ಟರಲ್ಲಿ ನೀವು ಹೇಳಿರ್ತೀರಾ, ಇಲ್ಲಾ ನಾನೇ ಹೇಳ್ಲಾ?”

“ಹೇಳ್ತೀನಿ” ಎಂದೆ. ಹುಡುಗಿ ಕೈ ಎತ್ತಿ ನಿಂತಳು. ಹುಕ್ಕು ಒಂದೊಂದಾಗಿ ಕೂಡಿತು. ಕನ್ನಡಿ ಮುಂದೆ ತಿರುಗಿ, ಬಗ್ಗಿ, ಉಸಿರೆಳೆದು ನೋಡಿ, ಸರಿಯಾಗಿದೆ ಆಂಟಿ ಎಂದಳು. ಹೊಸ ಬಿಳಿ ಪಟ್ಟಿ ಕಾಣಿಸಿದರೆ ಕಾಣಿಸಲಿ ಎಂದಳು. ಅಷ್ಟು ಸಲೀಸಾಗಿ ಅವಳು ಅದನ್ನು ಬಿಟ್ಟುಕೊಟ್ಟದ್ದರಿಂದ ನನ್ನ ಮನಸ್ಸೇನೂ ಹಗುರವಾಗಲಿಲ್ಲ.

ಅಂದೇ ಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತು ಟಿವಿಯ ಸದ್ದು ತಗ್ಗಿಸಿ ಹೇಳಿದೆ, ಮೊದಲು ನಾನು ಹೇಳಿದ್ದು ಸುಳ್ಳು ಎಂಬುದನ್ನೂ, ಆಮೇಲೆ ಗೆಳತಿ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ. ಧೈರ್ಯದಿಂದ ಹೇಳಿದೆ ಎಂದು ಬರೆಯಲಾರೆ. ಅವರೇ ಬಂದು ಹೇಳುತ್ತಾರೆ ಎಂಬ ಭಯಕ್ಕೆ ಹೇಳಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಪರದೆಯ ಮೇಲೆ ಯಾರೋ ಸದ್ದಿಲ್ಲದೆ ಅಳುತ್ತಿದ್ದರು.

“ನಾನು ಹರಿದಿದ್ದು ಯಾವತ್ತೂ ಕೊಟ್ಟಿಲ್ಲ. ಒಳ್ಳೇದೇ ಕೊಡ್ತಿದ್ದೆ.”

“ಗೊತ್ತು ಅತ್ತೆ.”

“ಮತ್ತೆ ಅವಳಿಗೆ ಏನು ಕಮ್ಮಿ ಆಯ್ತು?”

ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಲೆಂದು, ಓದಿದ ಸೊಸೆಗೆ ಗೊತ್ತಿರಬಹುದು ಎಂದು ನನ್ನ ಮುಖ ನೋಡುತ್ತಾ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆ ಕುರ್ಚಿಯ ಮೇಲಿಂದ ಸೀರೆ ಎತ್ತಿಕೊಂಡಾಗಲೇ ಗೊತ್ತಾಗಿತ್ತು. ಅತ್ತೆಗೆ ನೋವಾಗದಂತೆ ಅದನ್ನು ಹೇಳುವ ಮಾತು ಹುಡುಕಿದೆ. ಇರಲಿಲ್ಲ.

“ಅವರು ಬರ್ತಾರಲ್ಲ, ನೀವೇ ಕೇಳಿ ಅತ್ತೆ” ಎಂದೆ.

ಹೇಳಿದ ಮೇಲೆ ತಿಳಿಯಿತು, ಆ ಉತ್ತರವನ್ನೂ ಗೆಳತಿಯ ತಲೆಗೇ ಕಟ್ಟಿಬಿಟ್ಟೆನೆಂದು.